ಎಂಜಿನ್ ಹೆಸರಿನ ಬಾಲ

ಹೋದ ಕಂತಿನಲ್ಲಿ ಬಾಗಲಕೋಟೆ ಸ್ಟೇಶನ್ನಿನ ಬಗ್ಗೆ ಎರಡು ಸಾಲು ಬರೆದಿದ್ದೆ. ಅದನ್ನು ಓದಿದ ಇಳಕಲ್ಲಿನ ಓದುಗರೊಬ್ಬರು ಕೇಳಿದ್ದಾರೆ: "ಡೀಸೆಲ್ ಎಂಜಿನ್ ಅಂದ್ರ ಡೀಸೆಲ್ ಎಂಜಿನ್ನ. ಅದ್ರಾಗ ಮತ್ತ 4, 4ಬಿ, 4ಡಿ ಅಂತ ಯಾಕ್ರೀ ಬರೀತಾರ? ಮಗ ಕೇಳ್ತಾನ, ನಮಗ ಹೇಳಾಕ ಬರವಲ್ದು." ಇಳಕಲ್ಲಿಗೆ ರೈಲೇ ಇಲ್ಲ, ಹುನಗುಂದಕ್ಕೂ ಇಲ್ಲ. ಆದರೂ ಆ ಕಡೆ ಹುಡುಗರಿಗೆ ರೈಲಿನ ಹುಚ್ಚು ಬಾಗಲಕೋಟೆಯವರಿಗಿಂತ ಒಂದು ಕೈ ಜಾಸ್ತಿ. 2025ರ ಮೇ ತಿಂಗಳಲ್ಲಿ ಪಕ್ಕದ ಕುಷ್ಟಗಿಗೆ ರೈಲು ಬಂದ ಮೇಲಂತೂ ಕೇಳೋದೇ ಬೇಡ.

ಉತ್ತರ ಹೇಳೋಕೆ ನನಗೊಂದು ಅನುಕೂಲ ಇದೆ. ನನ್ನ ಸೋದರಮಾವ ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್. ಮೂವತ್ತು ವರ್ಷಕ್ಕೆ ಹತ್ತಿರ ಬಂತು. ಊರು ಹುನಗುಂದ ತಾಲ್ಲೂಕಿನ ಒಂದು ಹಳ್ಳಿ. ಮಾಮಾನ ಹತ್ತಿರ ಒಂದು ದಪ್ಪ ರಟ್ಟಿನ ನೋಟ್‌ಬುಕ್ ಇದೆ, ಎಂಜಿನ್ ನಂಬರು, ಅದರ ರೋಗ, ಕೊಟ್ಟ ಮದ್ದು, ಎಲ್ಲ ಬರೆದಿಟ್ಟದ್ದು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ದಿನಕ್ಕೆ ಹತ್ತು ಬಗ್ ನೋಡುವವನು. ಆ ನೋಟ್‌ಬುಕ್ ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟೇ: ಇದು ನಾವು ಕಂಪ್ಯೂಟರಿನಲ್ಲಿ ಇಡುವ ದೂರಿನ ಪಟ್ಟಿ. ಎಂಜಿನ್ ಹೆಸರಿನ ಕೊನೆಗೆ ಅಂಟಿಕೊಂಡಿರುವ ಅಕ್ಷರ ಯಾರದೋ ದೂರಿಗೆ ಕೊಟ್ಟ ಉತ್ತರ.

ಮೊದಲು ಹೆಸರಿನ ತಲೆ ನೋಡೋಣ, ಆಮೇಲೆ ಬಾಲ. ಡಬ್ಲ್ಯೂಡಿಪಿ-4 ಅಂದರೆ ಡಬ್ಲ್ಯೂ ಬ್ರಾಡ್‌ಗೇಜಿನದು, ಡಿ ಡೀಸೆಲ್, ಪಿ ಪ್ಯಾಸೆಂಜರ್. ಪಿ ಜಾಗದಲ್ಲಿ ಜಿ ಇದ್ದರೆ ಗೂಡ್ಸ್, ಎಂ ಇದ್ದರೆ ಎರಡಕ್ಕೂ ಸೈ. ಮೀಟರ್‌ಗೇಜ್ ಆದರೆ ಡಬ್ಲ್ಯೂ ಬದಲು ವೈ. ನಮ್ಮ ಹೊಟಗಿ–ಗದಗ ದಾರಿ 1884ರಿಂದಲೂ ಮೀಟರ್‌ಗೇಜೇ. ನಾನು ಪ್ರೈಮರಿ ಸಾಲಿಯಲ್ಲಿದ್ದಾಗಲೂ ಬಾದಾಮಿ ಕಡೆ ಹೋಗೋಕೆ ಹತ್ತುತ್ತಿದ್ದದ್ದು ಆ ಸಣ್ಣ ಗಾಡಿಯನ್ನೇ. ಎಳೆಯುತ್ತಿದ್ದದ್ದು ವೈಡಿಎಂ-4, ಸುಮಾರು 1,400 ಅಶ್ವಶಕ್ತಿಯ ಎಂಜಿನ್. ಅವುಗಳಲ್ಲಿ ಕೆಲವು ಆಮೇಲೆ ಮಲೇಷಿಯಾ ತನಕ ಹೋಗಿ ದುಡಿದವು. ಬಾದಾಮಿ ಸ್ಟೇಶನ್ ಊರಿಗೆ ಐದು ಕಿಲೋಮೀಟರ್ ದೂರ. ಅಲ್ಲಿಂದ ಟಾಂಗಾದವನ ಜೊತೆ ಅವ್ವ ಮಾಡುತ್ತಿದ್ದ ಚೌಕಾಸಿ ಮುಗಿಯುವ ಹೊತ್ತಿಗೆ ರೈಲು ಮುಂದಿನ ಸ್ಟೇಶನ್ ದಾಟಿರುತ್ತಿತ್ತು.

ಇನ್ನು ನಂಬರು. ಆ ಅಂಕಿ ಸಾವಿರದ ಲೆಕ್ಕದಲ್ಲಿ ಅಶ್ವಶಕ್ತಿ, ಮುಂದಿನ ಅಕ್ಷರ ನೂರರ ಲೆಕ್ಕ ಅಂತ ಒಂದು ನಿಯಮ ಮಾಡಿದರು. 3ಎ ಅಂದರೆ 3,100. ಚೆನ್ನಾಗಿದೆ ಅಲ್ಲವೇ? ಆದರೆ ಈ ನಿಯಮ ಬರುವ ಮೊದಲೇ ಹುಟ್ಟಿದ್ದ ಡಬ್ಲ್ಯೂಡಿಎಂ-2ರ ಶಕ್ತಿ 2,600. ಅದಕ್ಕೆ ಏರ್ ಬ್ರೇಕ್ ಕೂಡಿಸಿದಾಗ 2ಎ ಅಂದರು. ಅಲ್ಲಿ ಎ ನೂರಲ್ಲ, ಬ್ರೇಕು! ಹುಟ್ಟುವಾಗಲೇ ಏರ್ ಬ್ರೇಕ್ ಇದ್ದದ್ದು 2ಬಿ. ಶಕ್ತಿ ಹೆಚ್ಚಿಸಿದ್ದನ್ನು ಮೊದಲು 2ಸಿ ಅಂತ ಕರೆದು ಆಮೇಲೆ 3ಎ ಅಂತ ಹೆಸರು ತಿದ್ದಿದರು. ಇತ್ತ 4ಬಿ ನಿಯಮದ ಪ್ರಕಾರ 4,200 ಆಗಬೇಕಿತ್ತು, ಇರೋದು 4,500. ಸಾಫ್ಟ್‌ವೇರಿನವರು ವರ್ಶನ್ ನಂಬರು ಇಡುವಾಗ ಮಾಡುವ ಗೊಂದಲ ನೋಡಿ ನಕ್ಕವರು ಯಾರಾದರೂ ಇದ್ದರೆ ಇದನ್ನೂ ನೋಡಿ. ಇಳಕಲ್ಲಿನ ಆ ಹುಡುಗನಿಗೆ ಹೇಳಿ: ನಿಯಮ ಬಾಯಿಪಾಠ ಮಾಡಬೇಡ, ಒಂದೊಂದು ಎಂಜಿನ್ನಿನ ಕಥೆ ಕೇಳು.

ಮೊದಲ ಕಥೆ ಆ ಡಬ್ಲ್ಯೂಡಿಎಂ-2ರದೇ. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ. 1962ರಲ್ಲಿ ಅಲ್ಲಿಂದ ಬಂತು, 1964ರಿಂದ ವಾರಾಣಸಿಯಲ್ಲಿ ಇಲ್ಲೇ ತಯಾರಾಯಿತು. ದೇಶದ ಎಕ್ಸ್‌ಪ್ರೆಸ್ ಗಾಡಿಗಳನ್ನು ದಶಕಗಟ್ಟಲೆ ಎಳೆದದ್ದು ಅದೇ. ಡೀಸೆಲ್ ಎಂಜಿನ್ನಿನ ಆಯುಷ್ಯ ರೈಲ್ವೆ ಲೆಕ್ಕದಲ್ಲಿ 36 ವರ್ಷ. ಅರ್ಧ ಆಯುಷ್ಯಕ್ಕೆ, ಅಂದರೆ ಸುಮಾರು 18 ವರ್ಷಕ್ಕೆ, ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು. ಈ ಕೆಲಸಕ್ಕೆಂದೇ ಪಂಜಾಬಿನ ಪಟಿಯಾಲದಲ್ಲಿ 1981ರಲ್ಲಿ ಹುಟ್ಟಿದ ಕಾರ್ಖಾನೆ ಬೆಳೆಯಿತು. 2003ರಲ್ಲಿ ಅದರ ಹೆಸರನ್ನೇ ಡೀಸೆಲ್ ಲೋಕೋ ಮಾಡರ್ನೈಸೇಶನ್ ವರ್ಕ್ಸ್ ಅಂತ ಮಾಡಿದರು.

ಅಲ್ಲಿಗೆ 2,600 ಅಶ್ವಶಕ್ತಿಯ ಮುದುಕ ಹೋಗಿ 3,100ರ ಮಧ್ಯವಯಸ್ಕ ಹೊರಗೆ ಬರುತ್ತಿದ್ದ. ಚಾಸಿ ಹಳೆಯದೇ, 16 ಸಿಲಿಂಡರಿನ ಎಂಜಿನ್ನಿನ ಜಾತಿಯೂ ಅದೇ. ಆದರೆ ಟರ್ಬೋಚಾರ್ಜರ್ ಹೊಸದು, ಡೀಸೆಲ್ ಉಳಿಸುವ ಬಿಡಿಭಾಗಗಳು ಹೊಸವು. ರಿಲೇಗಳು ಟಕಟಕ ಅನ್ನುತ್ತಿದ್ದ ಪ್ಯಾನಲ್ ತೆಗೆದು ಮೈಕ್ರೋಪ್ರೊಸೆಸರ್ ಕೂಡಿಸುತ್ತಿದ್ದರು. ಇಳಿಜಾರಿನಲ್ಲಿ ಮೋಟರನ್ನೇ ಜನರೇಟರಿನ ಹಾಗೆ ತಿರುಗಿಸಿ ವೇಗ ತಡೆಯುವ ಡೈನಾಮಿಕ್ ಬ್ರೇಕೂ ಬಂತು. ಹಾಗೆ ಮರುಹುಟ್ಟು ಪಡೆದ ಎಂಜಿನ್ನಿನ ನಂಬರಿನ ಕೊನೆಗೆ ಆರ್ ಅಂತ ಬರೆಯುತ್ತಿದ್ದರು. ಹೊಸದಾಗಿ ಹುಟ್ಟಿದ 3ಎ, ಮರುಕಟ್ಟಿದ 3ಎ, ಎರಡೂ ಒಂದೇ ಹೆಸರಿನವು, ಪ್ಲಾಟ್‌ಫಾರ್ಮಿನ ಮೇಲೆ ನಿಂತವರಿಗೆ ಒಂದೇ ಥರ. ಆ ಆರ್ ಒಂದೇ ಗುರುತು.

"ಆರ್ ಇದ್ದದ್ದು ಬಂದ್ರ ನಾವು ಹಾಳಿ ತಿರುವಿ ನೋಡ್ತಿದ್ವಿ" ಅಂದರು ಮಾಮಾ.

"ಯಾಕ್ರಿ ಮಾಮಾ? ಒಳಗ ಎಲ್ಲಾ ಹೊಸಾದೇ ಅಲ್ಲೇನ್ರಿ?"

"ಹೊಸಾದು ಅಂದ್ರ? ಮನಿಗೆ ಸುಣ್ಣಾ ಹೊಡದ್ರ ಬುನಾದಿ ಹೊಸಾದಾಗತೈತೇನು? ಹಿಂದಿನ ಜಲ್ಮದಾಗ ಎಲ್ಲಿ ಸೀಳಿತ್ತು, ಎಲ್ಲಿ ವೆಲ್ಡ್ ಮಾಡ್ಯಾರ, ಅದು ಗೊತ್ತಿರ್ಬೇಕಪಾ. ಇಲ್ಲಾಂದ್ರ ಅದ ಜಾಗಾದಾಗ ಮತ್ತ ಬಿಡತೈತಿ."

ಬಾಗಲಕೋಟೆಯವನಾದ ನನಗೆ ಈ ಮಾತು ಬೇರೆ ಥರವೂ ತಟ್ಟಿತು. ನಮ್ಮದೂ ಮರುಕಟ್ಟಿದ ಊರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿ ಮುಳುಗಿ ನವನಗರ ಎದ್ದಿತು. ಅಲ್ಲಿ ಸೆಕ್ಟರ್ ನಂಬರು ಹೇಳಿದರೂ ಹಿರಿಯರು ಕೇಳೋದು "ಹಳೇ ಊರಾಗ ಯಾವ ಓಣಿ ನಿಮ್ದು?" ಅಂತ. ಅದೂ ಒಂದು ಆರ್. ಇರಲಿ, ಎಂಜಿನ್ನಿಗೆ ಬರೋಣ.

ಆಲ್ಕೋ ಹೊರಡುವಾಗ ಭುಸ್ ಅಂತ ಕರಿ ಹೊಗೆ ಬಿಡುತ್ತಿತ್ತಲ್ಲ, ಅದು ಕೆಟ್ಟಿದೆ ಅಂತ ಎಷ್ಟೋ ಜನ ತಿಳಿದಿದ್ದರು. ಅಲ್ಲ. ಅದರ ಟರ್ಬೋ ತಿರುಗೋದು ಹೊರಗೆ ಹೋಗುವ ಹೊಗೆಯ ಬಲದಿಂದ. ಚಾಲಕ ನಾಚ್ ಏರಿಸಿದ ತಕ್ಷಣ ಡೀಸೆಲ್ ಜಾಸ್ತಿ ಬರುತ್ತೆ, ಟರ್ಬೋ ಇನ್ನೂ ವೇಗ ಹಿಡಿದಿರಲ್ಲ, ಗಾಳಿ ಸಾಲಲ್ಲ, ಅರೆಬೆಂದ ಎಣ್ಣೆ ಹೊಗೆಯಾಗುತ್ತೆ. ಡಬ್ಲ್ಯೂಡಿಪಿ-4ರ ಒಳಗಿರುವುದು ಇಎಂಡಿ ಕಂಪನಿಯ ವಿನ್ಯಾಸದ ಎರಡು ಸ್ಟ್ರೋಕಿನ ಎಂಜಿನ್. ಅದರಲ್ಲಿ ಶುರುವಿಗೆ ಟರ್ಬೋವನ್ನು ಎಂಜಿನ್ನೇ ಗೇರಿನಿಂದ ತಿರುಗಿಸುತ್ತೆ, ಹೊಗೆಯ ಬಲ ಸಾಕಷ್ಟಾದ ಮೇಲೆ ಗೇರು ಬಿಟ್ಟುಕೊಳ್ಳುತ್ತೆ. ಅದಕ್ಕೇ ಅದು ಹೊರಡುವಾಗ ಅಷ್ಟು ಕಪ್ಪಾಗಲ್ಲ. ಎರಡಕ್ಕೂ ಒಂದು ಸಮಾನ: ಡೀಸೆಲ್ ನೇರವಾಗಿ ಗಾಲಿ ತಿರುಗಿಸೋದಿಲ್ಲ. ಡೀಸೆಲ್ಲಿನಿಂದ ಕರೆಂಟು, ಕರೆಂಟಿನಿಂದ ಮೋಟರು, ಮೋಟರಿನಿಂದ ಗಾಲಿ. ಆಲ್ಕೋದಲ್ಲಿ ಡಿಸಿ ಮೋಟರು, ಇದರಲ್ಲಿ ಮೂರು ಫೇಸಿನ ಎಸಿ.

ಈ ಹೊಸ ಜಾತಿ ದೇಶದಲ್ಲಿ ಮೊದಲು ನೆಲೆಯೂರಿದ್ದು ಮುಂಬೈಯಲ್ಲೂ ಅಲ್ಲ, ದಿಲ್ಲಿಯಲ್ಲೂ ಅಲ್ಲ, ಹುಬ್ಬಳ್ಳಿಯಲ್ಲಿ. 1999ರಲ್ಲಿ ಗೂಡ್ಸಿನ ಡಬ್ಲ್ಯೂಡಿಜಿ-4, ಅದರ ಬೆನ್ನಿಗೆ ಪ್ಯಾಸೆಂಜರಿನ ಡಬ್ಲ್ಯೂಡಿಪಿ-4. ಕ್ಯಾಸಲ್‌ರಾಕ್ ಘಾಟಿನಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಅಂಥ ಕಡೆ ದುಡಿಯೋಕೆ ಗೂಡ್ಸಿನದು ಹೇಳಿ ಮಾಡಿಸಿದ ಹಾಗಿತ್ತು. ಪ್ಯಾಸೆಂಜರಿನದು ಬೇರೆ ಸ್ವಭಾವ. 4,000 ಅಶ್ವಶಕ್ತಿ, ಗಂಟೆಗೆ 160 ಕಿಲೋಮೀಟರ್ ಓಡುವ ವಿನ್ಯಾಸ. ಹಗುರ ಇರಲಿ, ಓಡಲಿ ಅಂತ ಆರು ಅಚ್ಚಿನಲ್ಲಿ ನಾಲ್ಕಕ್ಕೆ ಮಾತ್ರ ಮೋಟರ್ ಕೊಟ್ಟಿದ್ದರು. ಒಂದೊಂದು ಬೋಗಿಯಲ್ಲಿ ಒಂದು ಅಚ್ಚು ಸುಮ್ಮನೆ ಉರುಳುವುದು. (ಬೋಗಿ ಅಂದರೆ ನಾವು ಕೂರುವ ಡಬ್ಬಿ ಅಲ್ಲ, ಶೆಡ್ಡಿನವರ ಬಾಯಲ್ಲಿ ಅದು ಮೂರು ಅಚ್ಚು ಸೇರಿಸಿದ ಕೆಳಗಿನ ಚೌಕಟ್ಟು.)

ಇಲ್ಲಿ ದೂರು ಶುರುವಾಯಿತು. 4,000 ಅಶ್ವಶಕ್ತಿಯನ್ನು ನಾಲ್ಕು ಅಚ್ಚಿಗೆ ಹಂಚಿದರೆ ಒಂದಕ್ಕೆ 1,000. ಮಳೆಗಾಲದಲ್ಲಿ ಹಳಿ ಒದ್ದೆಯಾದಾಗ, ಏರು ಇದ್ದಾಗ, ಡಬ್ಬಿ ಜಾಸ್ತಿ ಇದ್ದಾಗ ಗಾಲಿ ನಿಂತಲ್ಲೇ ಜಾರುತ್ತಿತ್ತು. ನಮ್ಮ ಕಡೆ ಎರಿ ಹೊಲದಲ್ಲಿ ಚಕ್ಕಡಿ ಹೂತದ್ದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎತ್ತು ಎಷ್ಟೇ ಗಟ್ಟಿಯಿದ್ದರೂ ಕಾಲು ಊರಲು ನೆಲ ಸಿಗಬೇಕು. ಗಾಲಿಯ ಮುಂದೆ ಮರಳು ಸುರಿಸುವ ಪೆಟ್ಟಿಗೆ ಎಂಜಿನ್ನಿನಲ್ಲಿ ಇರುತ್ತೆ, ಆದರೆ ಮರಳು ಎಷ್ಟು ಅಂತ ಸುರೀತೀರಿ? ನಿಂತಲ್ಲಿಂದ ಎಳೆಯುವ ಬಲ ಈ ಎಂಜಿನ್ನಿಗೆ ಸುಮಾರು 27 ಟನ್, ಅದರ ಅಣ್ಣ ಗೂಡ್ಸಿನದಕ್ಕೆ 54ರ ಆಸುಪಾಸು. ಅರ್ಧಕ್ಕರ್ಧ ಫರಕು.

ಆ ದೂರಿಗೆ ಬಂದ ಉತ್ತರ 4ಬಿ, 2010ರ ಹೊತ್ತಿಗೆ. ಗೂಡ್ಸಿನ ಡಬ್ಲ್ಯೂಡಿಜಿ-4ರ ಆರು ಮೋಟರಿನ ಏರ್ಪಾಟನ್ನೇ ಪ್ಯಾಸೆಂಜರಿಗೆ ತಂದು ಶಕ್ತಿ 4,500ಕ್ಕೆ ಏರಿಸಿದರು. ಲೆಕ್ಕ ಹಾಕಿ: ಒಟ್ಟು ಶಕ್ತಿ ಜಾಸ್ತಿ ಆಯಿತು, ಆದರೆ ಅಚ್ಚೊಂದಕ್ಕೆ 1,000 ಇದ್ದದ್ದು 750ಕ್ಕೆ ಇಳಿಯಿತು. ಜಾರುವುದು ಕಡಿಮೆ ಆಯಿತು. ನನಗೆ ಇಡೀ ಕಥೆಯಲ್ಲಿ ಇದೇ ಇಷ್ಟ. ಹೊಸ ಅಕ್ಷರ ಅಂದರೆ ಹೆಚ್ಚು ವೇಗ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಓಟದ ಆಸೆ ಸ್ವಲ್ಪ ಬಿಟ್ಟುಕೊಟ್ಟು ಹಿಡಿತ ತಗೊಂಡರು.

ಎರಡಕ್ಕೂ ಇನ್ನೊಂದು ತೊಂದರೆ ಉಳಿದಿತ್ತು. ಚಾಲಕನ ಕೋಣೆ ಒಂದೇ ತುದಿಗೆ. ಆ ತುದಿ ಮುಂದಿದ್ದರೆ ಚಿಂತೆಯಿಲ್ಲ. ಎಂಜಿನ್ ತಿರುಗಿಸುವ ಅನುಕೂಲ ಇಲ್ಲದ ಕಡೆ ಉದ್ದನೆ ಹೊಟ್ಟೆ ಮುಂದೆ ಮಾಡಿಕೊಂಡೇ ಓಡಬೇಕು. ಆಗ ಚಾಲಕನಿಗೆ ಹಳಿ ಕಾಣುವುದು ಪಕ್ಕದ ಸಂದಿನಿಂದ. ತಿರುವಿನಲ್ಲಿ ಒಂದು ಪಕ್ಕ ಪೂರಾ ಮರೆ. ಆ ಕಡೆ ಸಿಗ್ನಲ್ ಇದ್ದರೆ ಸಹಾಯಕ ನೋಡಿ ಕೂಗಿ ಹೇಳಬೇಕು. ಗೇಟಿನಲ್ಲಿ ದನ ನಿಂತಿದೆಯೋ ಟ್ರ್ಯಾಕ್ಟರ್ ನಿಂತಿದೆಯೋ ಹತ್ತಿರ ಹೋಗುವ ತನಕ ಕಾಣದು. ನಮ್ಮ ಕಡೆ ಕಬ್ಬಿನ ಸೀಸನ್ನಿನಲ್ಲಿ ಗೇಟುಗಳ ಮುಂದೆ ಟ್ರ್ಯಾಕ್ಟರ್ ಸಾಲು ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಇದು ಸಣ್ಣ ಮಾತಲ್ಲ ಅಂತ ತಿಳಿಯುತ್ತೆ. ಇದಕ್ಕೆ ಉತ್ತರ 4ಡಿ: ಎರಡೂ ತುದಿಗೆ ಕೋಣೆ. ಇನ್ನುಳಿದದ್ದು ಹೆಚ್ಚುಕಡಿಮೆ 4ಬಿಯೇ, ಅದೇ 4,500, ಅದೇ ಆರು ಮೋಟರು. ಕೆಲವು 4ಡಿಗಳಿಗೆ ಡಬ್ಬಿಗಳ ದೀಪ, ಎಸಿಗೆ ಎಂಜಿನ್ನಿನಿಂದಲೇ ಕರೆಂಟು ಕೊಡುವ ಯಂತ್ರವನ್ನೂ ಇಟ್ಟರು.

ಆದರೆ ಎರಡನೇ ಕೋಣೆಗೆ ಜಾಗ ಬೇಕಲ್ಲ? ಎಂಜಿನ್ನಿನ ಉದ್ದ ಬೇಕಾದ ಹಾಗೆ ಬೆಳೆಸೋಕೆ ಬರಲ್ಲ. ಒಳಗಿನದನ್ನೇ ಒತ್ತರಿಸಬೇಕು. "ಚಾಲಕರಿಗೆ ಭಾಳ ಚಲೋ ಆತು. ನಮಗ ಕೈ ಹಾಕಾಕ ಸಂದಿ ಇಲ್ಲ" ಅಂತ ಮಾಮಾ ಗೊಣಗುವುದು ಅದಕ್ಕೇ. ಅವರ ನೋಟ್‌ಬುಕ್ಕಿನಲ್ಲಿ 4ಡಿಗೆ ಬೇರೆ ವಿಭಾಗವೇ ಇದೆ. ಯಾವ ಪೈಪಿನ ನಟ್ಟಿಗೆ ಯಾವ ಕಡೆಯಿಂದ ಪಾನಾ ಹಾಕಬೇಕು ಅಂತ ಕೈಯಿಂದ ಬರೆದ ಚಿತ್ರಗಳು.

ನಾಲ್ಕು ವರ್ಷದ ಹಿಂದೆ ಆಫೀಸಿನವರು ನನ್ನನ್ನು ಆರು ತಿಂಗಳು ಅಮೆರಿಕದ ನ್ಯೂಜೆರ್ಸಿಗೆ ಕಳಿಸಿದ್ದರು. ಅಲ್ಲಿನ ಲೋಕಲ್ ರೈಲುಗಳಲ್ಲೂ ಇದೇ ಅಕ್ಷರದ ಆಟ. ಇದೇ ಇಎಂಡಿ ಕಂಪನಿಯ ಜಿಪಿ40 ಅನ್ನೋ 3,000 ಅಶ್ವಶಕ್ತಿಯ ಹಳೇ ಎಂಜಿನ್ನುಗಳನ್ನು ಮರುಕಟ್ಟಿ ಪ್ಯಾಸೆಂಜರಿಗೆ ಬಿಟ್ಟಿದ್ದರು. ಜಿಪಿ40ಪಿಎಚ್-2 ಅನ್ನುವವು 1968ರಲ್ಲಿ ಪ್ಯಾಸೆಂಜರಿಗೆಂದೇ ಕಟ್ಟಿಸಿದ ಹದಿಮೂರರ ಪೀಳಿಗೆ. ಡಬ್ಬಿ ಬೆಚ್ಚಗಿಡುವ ಉಗಿ ಬಾಯ್ಲರ್ ಇಡೋಕೆ ಆಗ ಮೈ ಉದ್ದ ಮಾಡಿದ್ದರು. ಮರುಕಟ್ಟುವಾಗ ಬಾಯ್ಲರ್ ಹೋಯಿತು, ಆ ಉದ್ದ ಉಳಿಯಿತು. ಕೊನೆಗೆ ಬಿ ಇರುವವು ಗೂಡ್ಸ್ ಎಂಜಿನ್ನುಗಳಾಗಿ ದುಡಿದು ಆಮೇಲೆ ಪ್ಯಾಸೆಂಜರಿಗೆ ಬಂದವು. ಹೆಸರಿನಲ್ಲಿ ಒಂದಕ್ಷರ ಫರಕು, ಹಿಂದಿನ ಜನ್ಮ ಪೂರ್ತಿ ಬೇರೆ. ನಮ್ಮ 4ಬಿ ಕೂಡ ಗೂಡ್ಸಿನ ಮನೆತನದ್ದೇ ತಾನೆ! ಈ ಮಾತನ್ನು ಮಾಮಾನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲಿ ಐವತ್ತು ವರ್ಷದ್ದು ಇನ್ನಾ ಓಡಸಾಕತ್ತಾರೇನು?" ಅಂತ ಎರಡೆರಡು ಸಲ ಕೇಳಿದರು.

ಆ ಪ್ರಶ್ನೆ ಅವರು ಯಾಕೆ ಕೇಳಿದರು ಅಂತ ನನಗೆ ಗೊತ್ತು. ಈಗ ನಮ್ಮ ದಾರಿಯ ಮೇಲೂ ಕರೆಂಟಿನ ತಂತಿ ಬಂದಿದೆ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಮುಂದೆ ಕರೆಂಟ್ ಎಂಜಿನ್ ನಿಂತದ್ದು ನೋಡಿ ಬಾಗಲಕೋಟೆಯವರು ಸೆಲ್ಫಿ ತಗೊಂಡರು. ತಂತಿ ಬಂದದ್ದು ಒಳ್ಳೆಯದೇ. ಹೊಗೆ ಇಲ್ಲ, ಖರ್ಚು ಕಡಿಮೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ನಿಂತಲ್ಲೇ ಉರಿಯುವ ಡೀಸೆಲ್ ಎಂಜಿನ್ ಗಂಟೆಗೆ ಸುಮಾರು 25 ಲೀಟರ್ ಕುಡಿಯುತ್ತೆ. ಅದನ್ನು 3 ಲೀಟರಿಗೆ ಇಳಿಸೋಕೆ ಒಳಗೆ ಇನ್ನೊಂದು ಪುಟ್ಟ ಎಂಜಿನ್ ಕೂರಿಸಿದ್ದೂ ಆಯಿತು. ಆದರೆ 4ಡಿಗಳು ಹುಟ್ಟಿದ್ದು 2010ರ ದಶಕದಲ್ಲಿ. 36 ವರ್ಷದ ಆಯುಷ್ಯ ಇರುವವಕ್ಕೆ ಈಗ ಹತ್ತು, ಹನ್ನೆರಡು. ಅರ್ಧ ಆಯುಷ್ಯದ ರಿಪೇರಿಗೂ ಬಾರದವು. ಜನರ ದುಡ್ಡಿನಲ್ಲಿ ಕಟ್ಟಿದ ಇವುಗಳ ನಂಬರಿಗೆ ಆರ್ ಬೀಳುತ್ತೋ ಇಲ್ಲವೋ ಅನ್ನುವುದು ರೈಲು ಹುಚ್ಚರ ಪ್ರಶ್ನೆ ಮಾತ್ರ ಅಲ್ಲ.

ದಾರಿಗಳು ಇವೆ. 2020ರ ಜುಲೈಯಲ್ಲಿ ಹತ್ತು, 2023ರ ಮೇಯಲ್ಲಿ ಇಪ್ಪತ್ತು ಡೀಸೆಲ್ ಎಂಜಿನ್ನುಗಳನ್ನು ಭಾರತ ಬಾಂಗ್ಲಾದೇಶಕ್ಕೆ ಕೊಟ್ಟಿತು. ಇನ್ನೂ ಧೈರ್ಯದ ಪ್ರಯೋಗ ವಾರಾಣಸಿಯಲ್ಲಿ ನಡೆದದ್ದು: ಆಲ್ಕೋ ಜಾತಿಯ ಎರಡು ಗೂಡ್ಸ್ ಡೀಸೆಲ್‌ಗಳ ಹೊಟ್ಟೆ ಖಾಲಿ ಮಾಡಿ, ತಲೆಯ ಮೇಲೆ ಪ್ಯಾಂಟೋಗ್ರಾಫ್ ಕೂರಿಸಿ, 10,000 ಅಶ್ವಶಕ್ತಿಯ ಜೋಡಿ ಕರೆಂಟ್ ಎಂಜಿನ್ ಮಾಡಿದರು. 2019ರ ಫೆಬ್ರವರಿ 19ರಂದು ಪ್ರಧಾನಿ ಅದಕ್ಕೆ ಹಸಿರು ನಿಶಾನೆ ತೋರಿಸಿದರು. ಒಳಗಿರೋದು ಹೇಗೂ ಕರೆಂಟಿನ ಮೋಟರೇ ಆದ್ದರಿಂದ ಯೋಚನೆ ಸರಿಯಾಗೇ ಇತ್ತು. ಮುಂದೆ ಆ ದಾರಿ ದೊಡ್ಡದಾಗಿ ಬೆಳೆಯಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಎಲ್ಲ ಹಳೆಯದನ್ನೂ ಉಳಿಸಲೇಬೇಕು ಅಂತಿಲ್ಲ; ನಾನೂ ಆಫೀಸಿನಲ್ಲಿ ಹಳೇ ಕೋಡ್ ಸಂತೋಷದಿಂದ ಕಿತ್ತು ಹಾಕಿದ್ದೇನೆ. ಆದರೆ ಕೀಳುವ ಮೊದಲು ಅದರಲ್ಲಿ ಎಷ್ಟು ದೂರುಗಳಿಗೆ ಉತ್ತರ ಅಡಗಿದೆ ಅಂತ ಒಬ್ಬರಾದರೂ ಓದಿರಬೇಕು.

ಮಾಮಾನ ಶೆಡ್ಡಿಗೆ ಈಗ ಕರೆಂಟ್ ಎಂಜಿನ್ನುಗಳೂ ಬಂದಿವೆ. ಐವತ್ತು ದಾಟಿದ ಮೇಲೆ ಅವರು ಮತ್ತೆ ಟ್ರೇನಿಂಗಿಗೆ ಕೂತರು. ಕಲಿತಿದ್ದಾರೆ, ಬೇಸರ ಇಲ್ಲ. ಅವರ ಚಿಂತೆ ಇನ್ನೂ ಓಡುತ್ತಿರುವ ಡೀಸೆಲ್‌ಗಳದು. ಬಾಗಲಕೋಟೆ–ಕುಡಚಿಯಂಥ ಹೊಸ ದಾರಿ ಕಟ್ಟುವಾಗ, ತಂತಿ ಹರಿದಾಗ, ಅಪಘಾತವಾದಾಗ ಓಡಬೇಕಾದ್ದು ಡೀಸೆಲ್ಲೇ. ಅದನ್ನು ರಿಪೇರಿ ಮಾಡೋಕೆ ಹೊಸ ಹುಡುಗರು ಕಲಿಯುತ್ತಿರುವುದು ಕರೆಂಟಿನ ಕೆಲಸ. 4ಕ್ಕೂ 4ಬಿಗೂ ಫರಕು ಗೊತ್ತಿಲ್ಲದವನು ಸುಮ್ಮನೆ ಉರುಳುವ ಅಚ್ಚಿನ ಹತ್ತಿರ ಮೋಟರ್ ಹುಡುಕುತ್ತಾ ಕೂರುತ್ತಾನೆ ಅಂತ ಅವರು ನಗುತ್ತಾರೆ. ಆದರೆ ಅದು ಪೂರ್ತಿ ನಗು ಅಲ್ಲ.

ಬರುವ ವರ್ಷ ಅವರ ರಿಟೈರ್‌ಮೆಂಟ್. ದೀಪಾವಳಿಗೆ ಹೋದಾಗ ಆ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು, "ನಿನ್ನ ಕಂಪ್ಯೂಟರಿನ್ಯಾಗ ಇದನ್ನೊಂದು ಸಾಲ್ ಹಿಡಿದು ಬರದ್ ಕೊಡಪಾ, ಹುಡುಗರು ಮೊಬೈಲಿನ್ಯಾಗ ನೋಡೂ ಹಂಗ" ಅಂದರು. ಭಾನುವಾರ ಭಾನುವಾರ ಕೂತು ಟೈಪ್ ಮಾಡುತ್ತಿದ್ದೇನೆ. ಆರ್ ನಂಬರಿನವು ಮುಗಿದವು, ಡಬ್ಲ್ಯೂಡಿಪಿ-4 ಮುಗಿಯಿತು, 4ಬಿ ಅರ್ಧಕ್ಕೆ ಬಂದಿದೆ. 4ಡಿ ಪುಟಗಳ ಮೇಲೆ ಗ್ರೀಸಿನ ಕಲೆ ಜಾಸ್ತಿ. ಅಲ್ಲಿನ ಕೆಲವು ಅಕ್ಷರ ನನ್ನಿಂದ ಓದೋಕಾಗುತ್ತಿಲ್ಲ. ಫೋಟೋ ತೆಗೆದು ಮಾಮಾನಿಗೆ ಕಳಿಸಿದ್ದೇನೆ, ನೈಟ್ ಡ್ಯೂಟಿ ಮುಗಿಸಿ ಬಂದು ನೋಡುತ್ತಾರಂತೆ.